ಸೆಪ್ಟೆಂಬರ್ 30ರ ಲೆಕ್ಕ: ವಿಶ್ವಬ್ಯಾಂಕಿನ ಶಿಕ್ಷಣ ಯೋಜನೆ ರಾಯಚೂರಿಗೆ ಬಂದ ಬಗೆ

ರಾಯಚೂರು, ಕೊಪ್ಪಳದ ಯಾವುದೇ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಕೇಳಿ: ನಿಮ್ಮ ಸಿಆರ್‌ಪಿ ಯಾರು, ಬಿಆರ್‌ಸಿ ಎಲ್ಲಿದೆ, ಸಮಾಲೋಚನಾ ಸಭೆ ಯಾವಾಗ? ಹೆಡ್‌ಮಾಸ್ಟರು ಯೋಚಿಸದೆ ಉತ್ತರ ಹೇಳುತ್ತಾರೆ. ಸಿಆರ್‌ಪಿ ಎಂದರೆ ಹತ್ತಾರು ಶಾಲೆಗಳ ಒಂದು ಕ್ಲಸ್ಟರಿನ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ, ಬಿಆರ್‌ಸಿ ಎಂದರೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರ, ಸಮಾಲೋಚನಾ ಸಭೆ ಎಂದರೆ ಕ್ಲಸ್ಟರಿನ ಶಿಕ್ಷಕರು ಸೇರುವ ಸಭೆ. ಇವೆಲ್ಲ ನಮ್ಮ ಜಿಲ್ಲೆಗೆ ಯಾವಾಗ, ಎಲ್ಲಿಂದ ಬಂದವು ಎಂದು ಕೇಳಿದರೆ ಮಾತ್ರ ಹೊಸ ತಲೆಮಾರಿನ ಶಿಕ್ಷಕರಲ್ಲಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಬಂದದ್ದು ತೊಂಬತ್ತರ ದಶಕದ ನಡುವೆ, ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಎಲ್ಲರ ಬಾಯಲ್ಲಿದ್ದ ಡಿಪಿಇಪಿ, ಎಂಬ ಯೋಜನೆಯ ಜೊತೆಗೆ. ಅದರ ಹಣದ ದೊಡ್ಡ ಪಾಲು ವಿಶ್ವಬ್ಯಾಂಕಿನ ಸಾಲ.

ಈ ಭಾಗದ ಶಾಲೆಗಳಲ್ಲಿ ಶಿಕ್ಷಕನಾಗಿ, ಆಮೇಲೆ ಸಿಆರ್‌ಪಿಯಾಗಿ ಕೆಲಸ ಮಾಡಿದವನು ನಾನು. ವಾಷಿಂಗ್ಟನ್ನಿನಲ್ಲಿ ಕಚೇರಿ ಇರುವ ಒಂದು ಸಂಸ್ಥೆ ಜಗತ್ತಿನ ಶಾಲೆಗಳ ಕೆಲಸವನ್ನು ಹೇಗೆ ಜೋಡಿಸಿಕೊಳ್ಳುತ್ತದೆ, ಆ ಜೋಡಣೆ ದೇವದುರ್ಗದ ಕಡೆಯ ಒಂದು ಹಳ್ಳಿಯ ಶಾಲೆಗೆ ಇಳಿದಾಗ ಏನು ಉಳಿಯಿತು, ಏನು ಕೈ ತಪ್ಪಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಯೋಜನೆ ಚೆನ್ನಾಗಿಯೇ ಕಟ್ಟಿದ್ದ ಯೋಜನೆ. ಜಿಲ್ಲೆಯ ಗಡಿಯ ಒಳಗೆ, ಜೂನ್‌ನಿಂದ ಏಪ್ರಿಲ್‌ವರೆಗೆ ಊರಲ್ಲೇ ಇರುವ ಮಗುವಿಗೆ ಅದರಿಂದ ನಿಜವಾದ ಉಪಯೋಗವಾಯಿತು. ಗುಳೆ ಹೋಗುವ, ಅಂದರೆ ತಂದೆತಾಯಿ ಕೂಲಿಗೆಂದು ಊರು ಬಿಟ್ಟಾಗ ಅವರ ಜೊತೆ ಹೋಗುವ, ಮಗು ಅದರ ಲೆಕ್ಕಕ್ಕೇ ಬರಲಿಲ್ಲ. ಆ ಲೆಕ್ಕದ ಪದ್ಧತಿ ಇಂದಿಗೂ ನಮ್ಮ ಕೈಯಲ್ಲಿದೆ.

ಶಾಲೆ ನಡೆಸದ ಸಂಸ್ಥೆಗಳು

ಹೊರದೇಶದ ಸಂಸ್ಥೆ ಎಂದರೆ ನಮ್ಮಲ್ಲಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿಬಿಡುತ್ತೇವೆ. ಅವುಗಳ ಕೆಲಸದ ರೀತಿ ಬೇರೆ ಬೇರೆ. 1945ರಲ್ಲಿ ಹುಟ್ಟಿದ, ಶಿಕ್ಷಣ ನೋಡಿಕೊಳ್ಳುವ ವಿಶ್ವಸಂಸ್ಥೆಯ ಅಂಗ ಯುನೆಸ್ಕೊ ಪ್ಯಾರಿಸ್ಸಿನಲ್ಲಿದೆ. ಅದರ ಹತ್ತಿರ ಹಂಚಲು ದೊಡ್ಡ ಹಣ ಇಲ್ಲ. ಅದು ಮಾಡುವುದು ದೇಶಗಳನ್ನು ಒಂದು ಒಪ್ಪಂದಕ್ಕೆ ತರುವುದು, ಅಳತೆಗೋಲು ನಿಗದಿ ಮಾಡುವುದು, ಯೋಜನೆ ರೂಪಿಸುವವರಿಗೆ ತರಬೇತಿ ಕೊಡುವುದು. ಅದಕ್ಕಾಗಿ ಬೇರೆ ಬೇರೆ ಊರುಗಳಲ್ಲಿ ಸಂಸ್ಥೆಗಳನ್ನು ಇಟ್ಟುಕೊಂಡಿದೆ. ಶೈಕ್ಷಣಿಕ ಯೋಜನೆಗೆ ಪ್ಯಾರಿಸ್, ಪಠ್ಯಕ್ರಮಕ್ಕೆ ಜಿನೀವಾ, ವಯಸ್ಕರ ಕಲಿಕೆಗೆ ಹ್ಯಾಂಬರ್ಗ್, ಅಂಕಿಅಂಶಕ್ಕೆ ಕೆನಡಾದ ಮಾಂಟ್ರಿಯಲ್. ನಮ್ಮ ಶಾಲೆಯ ಹಾಜರಾತಿ ದೇಶದ ಸಂಖ್ಯೆಯೊಳಗೆ ಕರಗಿ ಕೊನೆಗೆ ಸೇರುವುದು ಈ ಮಾಂಟ್ರಿಯಲ್‌ಗೆ.

ಯುನಿಸೆಫ್‌ನ ದಾರಿ ಬೇರೆ. 1946ರಲ್ಲಿ ಶುರುವಾಗಿ 1949ರಿಂದ ಭಾರತದಲ್ಲಿದೆ. ಪ್ರತಿ ದೇಶದ ಸರ್ಕಾರದ ಜೊತೆ ಸಾಮಾನ್ಯವಾಗಿ ಐದು ವರ್ಷದ ಒಪ್ಪಂದ ಮಾಡಿಕೊಂಡು, ರಾಜ್ಯಗಳಲ್ಲಿ ತನ್ನ ಜನರನ್ನು ಇಟ್ಟು ಕೆಲಸ ಮಾಡುತ್ತದೆ. ಕರ್ನಾಟಕವನ್ನು ನೋಡಿಕೊಳ್ಳುವುದು ಅದರ ಹೈದರಾಬಾದ್ ಕಚೇರಿ. ಅದರ ಆದಾಯವೆಲ್ಲ ಸರ್ಕಾರಗಳು ಮತ್ತು ಜನ ಸ್ವಂತ ಇಚ್ಛೆಯಿಂದ ಕೊಡುವ ಹಣ. ಹಾಗಾಗಿ ಚಿಕ್ಕ ಮೊತ್ತದಲ್ಲಿ ಒಂದು ತಾಲ್ಲೂಕಿನಲ್ಲಿ ಏನನ್ನೋ ಮಾಡಿ ತೋರಿಸಿ, ಅದನ್ನು ಸರ್ಕಾರ ಎತ್ತಿಕೊಳ್ಳಲಿ ಎಂದು ಕಾಯುವುದು ಅದರ ಪದ್ಧತಿ.

ವಿಶ್ವಬ್ಯಾಂಕು ಬ್ಯಾಂಕೇ. 1944ರಲ್ಲಿ ಹುಟ್ಟಿದಾಗ ಅದರ ಮನಸ್ಸಿನಲ್ಲಿ ಇದ್ದದ್ದು ಯುದ್ಧದಲ್ಲಿ ಹಾಳಾದ ದೇಶಗಳನ್ನು ಮತ್ತೆ ಕಟ್ಟುವುದು, ಶಾಲೆ ಅಲ್ಲ. ಶಿಕ್ಷಣಕ್ಕೆ ಮೊದಲ ಸಾಲ ಕೊಟ್ಟದ್ದು 1962ರಲ್ಲಿ, ಟ್ಯುನೀಷಿಯಾಕ್ಕೆ. ಬಡ ದೇಶಗಳಿಗೆ ಸುಲಭದ ಸಾಲ ಕೊಡಲು 1960ರಲ್ಲಿ ಐಡಿಎ ಎಂಬ ಅಂಗಸಂಸ್ಥೆ ತೆರೆದಿತ್ತು. ಡಿಪಿಇಪಿಗೆ ಹಣ ಬಂದದ್ದೂ ಅಲ್ಲಿಂದಲೇ. ಮೂವತ್ತೈದು ವರ್ಷದ ಅವಧಿ, ಮೊದಲ ಹತ್ತು ವರ್ಷ ಅಸಲು ಕಟ್ಟಬೇಕಾಗಿಲ್ಲ, ಬಡ್ಡಿಯ ಬದಲು ಶೇ 0.75ರ ಸೇವಾ ಶುಲ್ಕ. ಸಾಲ ಎಂದರೂ ಅನುದಾನಕ್ಕೆ ಹತ್ತಿರವಾದ ಸಾಲ.

ಬ್ಯಾಂಕಿನ ಒಳಗಿನ ಜೋಡಣೆ ಮಗ್ಗದ ಹಾಸು ಹೊಕ್ಕಿನ ಹಾಗೆ. ಉದ್ದಕ್ಕೆ ದೇಶಗಳು: ದಕ್ಷಿಣ ಏಷ್ಯಾ ವಿಭಾಗ, ಅದರಲ್ಲಿ ಭಾರತ, ಅದಕ್ಕೊಬ್ಬ ನಿರ್ದೇಶಕ, ದೆಹಲಿಯಲ್ಲಿ ಕಚೇರಿ. ಅಡ್ಡಕ್ಕೆ ವಿಷಯಗಳು: ಶಿಕ್ಷಣ, ಆರೋಗ್ಯ, ನೀರಾವರಿ, ರಸ್ತೆ. ಒಂದು ಯೋಜನೆಗೆ ಒಂದು ತಂಡ, ಅದಕ್ಕೊಬ್ಬ ಮುಖ್ಯಸ್ಥ. ಸಾಲಕ್ಕೆ ಸಹಿ ಹಾಕುವುದು ಕೇಂದ್ರದ ಹಣಕಾಸು ಸಚಿವಾಲಯ; ಅನುಮೋದನೆ ಕೊಡುವುದು ವಾಷಿಂಗ್ಟನ್ನಿನ ಆಡಳಿತ ಮಂಡಳಿ. ಈ ಇಡೀ ಸರಪಳಿಯಲ್ಲಿ ಒಬ್ಬ ಶಿಕ್ಷಕನನ್ನೂ ಬ್ಯಾಂಕು ನೇಮಿಸುವುದಿಲ್ಲ, ಒಂದು ಪಾಠಪುಸ್ತಕವನ್ನೂ ಬರೆಯುವುದಿಲ್ಲ. ಡಿಪಿಇಪಿಯ ಕಾಲದಲ್ಲಿ ಅದರ ಕೈಯಲ್ಲಿದ್ದದ್ದು ಮೂರೇ ಹಿಡಿತ: ಯಾವುದಕ್ಕೆ ಎಷ್ಟು ಖರ್ಚು ಮಾಡಬಹುದು ಎಂಬ ಮಿತಿ, ಖರ್ಚಾದ ಮೇಲೆ ಮಾತ್ರ ಹಣ ವಾಪಸು ಎಂಬ ಶಿಸ್ತು, ಗೊತ್ತಾದ ಅವಧಿಗೆ ಬಂದು ನೋಡುವ ತಂಡ.

ರಾಯಚೂರೇ ಯಾಕೆ

1990ರ ಮಾರ್ಚ್‌ನಲ್ಲಿ ಥಾಯ್ಲೆಂಡಿನ ಜೊಮ್ಟಿಯನ್‌ನಲ್ಲಿ ದೇಶಗಳೆಲ್ಲ ಸೇರಿ 'ಎಲ್ಲರಿಗೂ ಶಿಕ್ಷಣ' ಎಂದು ಘೋಷಿಸಿದವು. ಆ ಸಭೆ ಕರೆದವರಲ್ಲಿ ಯುನೆಸ್ಕೊ, ಯುನಿಸೆಫ್, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಜೊತೆ ವಿಶ್ವಬ್ಯಾಂಕೂ ಇತ್ತು. ಮರುವರ್ಷವೇ ನಮ್ಮ ದೇಶದ ವಿದೇಶಿ ವಿನಿಮಯ ಖಾಲಿಯಾಗುವ ಹಂತಕ್ಕೆ ಬಂತು. ಪ್ರಾಥಮಿಕ ಶಾಲೆಗೆ ಹೊರಗಿನ ಸಾಲ ಬೇಡ ಎಂದು ಅಲ್ಲಿಯವರೆಗೆ ದೂರವೇ ಇದ್ದ ದೆಹಲಿ ಈಗ ಒಪ್ಪಿತು. ಆದರೆ ತನ್ನ ಷರತ್ತಿನ ಮೇಲೆ. ಯೋಜನೆಯ ಚೌಕಟ್ಟು ನಮ್ಮದೇ. ಹಣ ಯಾರದ್ದಾದರೂ ನಿಯಮ ಒಂದೇ. ಹಾಗಾಗಿಯೇ ಡಿಪಿಇಪಿಯಲ್ಲಿ ಮಧ್ಯಪ್ರದೇಶಕ್ಕೆ ಯುರೋಪಿನ ಹಣ, ಆಂಧ್ರ ಮತ್ತು ಪಶ್ಚಿಮ ಬಂಗಾಳಕ್ಕೆ ಬ್ರಿಟನ್ನಿನ ಹಣ, ಗುಜರಾತಿಗೆ ನೆದರ್ಲೆಂಡ್ಸಿನ ಹಣ, ಬಿಹಾರಕ್ಕೆ ಯುನಿಸೆಫ್ ಹಣ ಬಂದರೂ ಮಾರ್ಗಸೂಚಿ ಎಲ್ಲ ಕಡೆ ಅದೇ. ನನ್ನ ದೃಷ್ಟಿಯಲ್ಲಿ ಇದು ಭಾರತ ತೋರಿಸಿದ ದೊಡ್ಡ ಜಾಣತನ. ಕೊಡುವವರು ಒಬ್ಬೊಬ್ಬರು ಒಂದೊಂದು ಫಾರಂ ತಂದು ಸುರಿದಿದ್ದರೆ ನಮ್ಮ ತಾಲ್ಲೂಕು ಕಚೇರಿಗಳು ಮುಳುಗಿಹೋಗುತ್ತಿದ್ದವು.

ಮೊದಲ ಹಂತಕ್ಕೆ ಏಳು ರಾಜ್ಯಗಳ 42 ಜಿಲ್ಲೆ ಆರಿಸಿದರು. ಆಯ್ಕೆಯ ಮುಖ್ಯ ಅಳತೆ: 1991ರ ಜನಗಣತಿಯಲ್ಲಿ ಮಹಿಳೆಯರ ಸಾಕ್ಷರತೆ ರಾಷ್ಟ್ರದ ಸರಾಸರಿಗಿಂತ, ಅಂದರೆ ಶೇ 39.29ಕ್ಕಿಂತ, ಕಡಿಮೆ ಇರಬೇಕು. ಕರ್ನಾಟಕದಿಂದ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಆಯ್ಕೆಯಾದವು. ಬಳ್ಳಾರಿ ಎರಡನೆಯ ಹಂತದಲ್ಲಿ ಸೇರಿತು. ಆಗಿನ ರಾಯಚೂರು ಎಂದರೆ ಈಗಿನಷ್ಟೇ ಅಲ್ಲ. ರಾಯಚೂರು, ಮಾನ್ವಿ, ದೇವದುರ್ಗ, ಲಿಂಗಸುಗೂರು, ಸಿಂಧನೂರಿನ ಜೊತೆ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಯೂ ಅದರಲ್ಲಿದ್ದವು; ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಒಂದೇ ಜಿಲ್ಲೆಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯೂ ಇತ್ತು, ಮಳೆ ಬಂದರೆ ಜೋಳ ತೊಗರಿ, ಬಾರದಿದ್ದರೆ ಗುಳೆ ಎನ್ನುವ ಕೆಂಪು ನೆಲದ ಸೀಮೆಯೂ ಇತ್ತು. ಯೋಜನೆಯ ಕಡತದಲ್ಲಿ ಇವೆರಡೂ ಸೇರಿ ಒಂದು ಘಟಕ. ಕಾಲುವೆ ಕೆಳಗಿನ ಊರಿನ ಮಗುವಿನ ವರ್ಷ ಬೇರೆ, ದೇವದುರ್ಗದ ಮಗುವಿನ ವರ್ಷ ಬೇರೆ ಎಂಬುದು ಆ ಕಡತದೊಳಗೆ ಹೋಗುವ ದಾರಿಯೇ ಇರಲಿಲ್ಲ.

ಮಿತಿಗಳು ಮಾಡಿದ ಒಳ್ಳೆಯದು

ಗುರಿಗಳು ನಾಲ್ಕು. ಗಂಡು ಹೆಣ್ಣು ಮಕ್ಕಳ ನಡುವೆ, ಸಾಮಾಜಿಕ ವರ್ಗಗಳ ನಡುವೆ ದಾಖಲಾತಿ, ಶಾಲೆ ಬಿಡುವಿಕೆ, ಕಲಿಕೆಯಲ್ಲಿರುವ ಅಂತರ ಶೇ 5ಕ್ಕಿಂತ ಕೆಳಗೆ ಬರಬೇಕು. ಶಾಲೆ ಬಿಡುವವರ ಪ್ರಮಾಣ ಶೇ 10ಕ್ಕಿಂತ ಕೆಳಗಿಳಿಯಬೇಕು. ಕಲಿಕೆಯ ಮಟ್ಟ ಆರಂಭದ ಪರೀಕ್ಷೆಗಿಂತ ಕನಿಷ್ಠ ಶೇ 25ರಷ್ಟು ಏರಬೇಕು. ಎಲ್ಲ ಮಗುವಿಗೂ ಪ್ರಾಥಮಿಕ ಶಾಲೆ ಕೈಗೆಟುಕಬೇಕು. ಖರ್ಚಿನಲ್ಲಿ ಕೇಂದ್ರದ ಪಾಲು ಶೇ 85, ರಾಜ್ಯದ್ದು ಶೇ 15. ರಾಜ್ಯ ತಾನು ಮೊದಲಿನಿಂದ ಶಾಲೆಗೆ ಮಾಡುತ್ತಿದ್ದ ಖರ್ಚನ್ನು ಕಡಿಮೆ ಮಾಡುವಂತಿಲ್ಲ. ಯೋಜನೆಯ ಹಣ ಅದರ ಮೇಲೆ ಹೆಚ್ಚುವರಿ.

ಇದರಲ್ಲಿ ಹೊರಗಿನವರಿಗೆ ಕಾಣದ, ನನಗೆ ತುಂಬ ಮುಖ್ಯ ಎನಿಸುವ ಒಂದು ಸಾಲಿದೆ. ಕಟ್ಟಡ ಕಾಮಗಾರಿಗೆ ಒಟ್ಟು ವೆಚ್ಚದ ಶೇ 24ಕ್ಕಿಂತ ಹೆಚ್ಚು ಹಾಕುವಂತಿರಲಿಲ್ಲ (ಆಮೇಲೆ ಇದನ್ನು ಮೂರನೇ ಒಂದಕ್ಕೆ ಏರಿಸಿದರು), ಆಡಳಿತಕ್ಕೆ ಶೇ 6. ನಮ್ಮ ಭಾಗದಲ್ಲಿ ಯೋಜನೆ ಎಂದರೆ ಸಿಮೆಂಟು, ಜಲ್ಲಿ, ಗುತ್ತಿಗೆದಾರ. ಈ ಮಿತಿ ಇಲ್ಲದೆ ಹೋಗಿದ್ದರೆ ಹಣ ಅಷ್ಟೂ ಗೋಡೆಗೆ ಹೋಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಮಿತಿ ಇದ್ದದ್ದರಿಂದ ಹಣ ಬೇರೆ ದಾರಿ ಹುಡುಕಬೇಕಾಯಿತು: ತಾಲ್ಲೂಕಿಗೊಂದು ಸಂಪನ್ಮೂಲ ಕೇಂದ್ರ, ಹತ್ತಾರು ಶಾಲೆಗೆ ಒಂದು ಕ್ಲಸ್ಟರ್ ಕೇಂದ್ರ (ಸಿಆರ್‌ಸಿ), ಶಿಕ್ಷಕರ ತರಬೇತಿ, ಶಾಲೆಗೆ ವರ್ಷಕ್ಕೆ 2000 ರೂಪಾಯಿ, ಶಿಕ್ಷಕರಿಗೆ ಕಲಿಕೋಪಕರಣಕ್ಕೆ 500 ರೂಪಾಯಿ.

ಆ ಐನೂರು ರೂಪಾಯಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಅದಕ್ಕೆ ಮುಂಚೆ ಹಳ್ಳಿಯ ಶಿಕ್ಷಕ ತನ್ನ ತರಗತಿಗಾಗಿ ಸರ್ಕಾರದ ಹಣವನ್ನು ತಾನೇ ಖರ್ಚು ಮಾಡುವ ಪರಿಪಾಠ ಇರಲಿಲ್ಲ. ಸೀಮೆಸುಣ್ಣವೂ ಮೇಲಿನಿಂದ ಬರಬೇಕು. ಈಗ ತಾಲ್ಲೂಕು ಪೇಟೆಗೆ ಹೋಗಿ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಥರ್ಮೊಕೋಲು, ಮಣಿ, ದಾರ ತಂದು, ಹುಣಸೆ ಬೀಜದಲ್ಲಿ ಲೆಕ್ಕ, ಬೆಂಕಿಕಡ್ಡಿ ಕಟ್ಟಿನಲ್ಲಿ ಹತ್ತು ಬಿಡಿ ಕಲಿಸಲು ಕೂತರು. ಕ್ಲಸ್ಟರಿನ ಸಮಾಲೋಚನಾ ಸಭೆಗೆ ಆ ಉಪಕರಣಗಳನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತಿದ್ದರು. ಒಬ್ಬ ಹಿರಿಯ ಮೇಡಂ ಹಳೆಯ ಮದುವೆ ಕಾರ್ಡುಗಳ ಹಿಂಬದಿಯಲ್ಲಿ ಒತ್ತಕ್ಷರ ಬರೆದು, ಅದನ್ನು ಮಕ್ಕಳು ಎರಡು ತುಂಡು ಜೋಡಿಸಿ ಪದ ಮಾಡುವ ಹಾಗೆ ಕತ್ತರಿಸಿ ತಂದಿದ್ದರು. ಆ ತಿಂಗಳು ಮುಗಿಯುವುದರೊಳಗೆ ಸುತ್ತಿನ ಅಷ್ಟೂ ಶಾಲೆಯಲ್ಲಿ ಮದುವೆ ಕಾರ್ಡು ಸಂಗ್ರಹ ಶುರುವಾಯಿತು. ಯರಮರಸ್‌ನ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ನಲ್ಲಿ ವಾರಗಟ್ಟಲೆ ತರಬೇತಿ ಕೊಟ್ಟಿದ್ದರೂ ಒತ್ತಕ್ಷರ ಇಷ್ಟು ಬೇಗ ಹಬ್ಬುತ್ತಿರಲಿಲ್ಲ.

ಎಲ್ಲರೂ ಹಾಗೆ ಮಾಡಿದರು ಅಂತಲ್ಲ. ಕೆಲವು ಕಡೆ ಐನೂರಕ್ಕೆ ಅಂಗಡಿಯಿಂದ ಮುದ್ರಿತ ಚಾರ್ಟು ಬಂತು, ಗೋಡೆಗೆ ನೇತುಬಿತ್ತು, ಮುಗಿಯಿತು. ಆದರೂ ಶಿಕ್ಷಕನ ಕೈಗೆ ಹಣ ಕೊಟ್ಟು 'ನೀನೇ ತೀರ್ಮಾನಿಸು' ಎಂದದ್ದು ನಮ್ಮ ಇಲಾಖೆಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಎಣಿಕೆಯ ದಿನ

ಖರ್ಚು ತೋರಿಸಿದರೆ ಮಾತ್ರ ಹಣ ವಾಪಸು ಬರುತ್ತದೆ. ಗುರಿ ಮುಟ್ಟಿದೆ ಎಂದು ತೋರಿಸಲು ಅಂಕಿ ಬೇಕು. ವರ್ಷಕ್ಕೆ ಎರಡು ಸಲ ಜಂಟಿ ಪರಿಶೀಲನಾ ತಂಡ ಬರುತ್ತಿತ್ತು. ಅದರಲ್ಲಿ ಕೇಂದ್ರ ಸರ್ಕಾರದವರೂ ಇರುತ್ತಿದ್ದರು, ಹಣ ಕೊಟ್ಟವರ ಕಡೆಯವರೂ. ಅವರಿಗೆ ತೋರಿಸಲು ದೇಶದ ಎಲ್ಲ ಡಿಪಿಇಪಿ ಜಿಲ್ಲೆಗಳಿಂದ ಒಂದೇ ನಮೂನೆಯ ಮಾಹಿತಿ ಬೇಕಾಯಿತು. ಶಿಕ್ಷಣದ ಯೋಜನೆ, ಆಡಳಿತ ಕಲಿಸುವ ದೆಹಲಿಯ ನೀಪಾ ಸಂಸ್ಥೆ ಯುನಿಸೆಫ್ ನೆರವಿನಿಂದ ಡೈಸ್ ಎಂಬ ಶಾಲಾ ಮಾಹಿತಿ ಪದ್ಧತಿಯನ್ನು ಮಾಡಿದ್ದು ಈ ಕಾರಣಕ್ಕೆ. ಇಂದು ಪ್ರತಿ ಹೆಡ್‌ಮಾಸ್ಟರೂ ಬೈದುಕೊಳ್ಳುತ್ತ ತುಂಬುವ ಯುಡೈಸ್ ಪ್ಲಸ್ ಅದರ ಮೊಮ್ಮಗು.

ಡೈಸ್ ಫಾರಂನ ಆಧಾರ ದಿನಾಂಕ ಸೆಪ್ಟೆಂಬರ್ 30. ಆ ದಿನ ಶಾಲೆಯ ದಾಖಲಾತಿಯಲ್ಲಿ ಎಷ್ಟು ಮಕ್ಕಳಿದ್ದಾರೋ ಅದೇ ಆ ವರ್ಷದ ಸಂಖ್ಯೆ. ಕಚೇರಿಯ ಕಣ್ಣಿನಿಂದ ಇದು ಸರಿಯಾದ ದಿನವೇ. ಜೂನ್‌ನ ದಾಖಲಾತಿ ಗಲಾಟೆ ಮುಗಿದಿರುತ್ತದೆ, ಮಳೆ ಇಳಿಮುಖವಾಗಿರುತ್ತದೆ, ಶಾಲೆ ಒಂದು ಹದಕ್ಕೆ ಬಂದಿರುತ್ತದೆ, ದೇಶಕ್ಕೆಲ್ಲ ಒಂದೇ ದಿನ ಇದ್ದರೆ ಹೋಲಿಕೆ ಸುಲಭ.

ದೇವದುರ್ಗದ ಕಡೆಯ ಹಳ್ಳಿಯಲ್ಲಿ ನಿಂತು ನೋಡಿ. ಸೆಪ್ಟೆಂಬರ್ ಎಂದರೆ ಹೊಲದಲ್ಲಿ ಇನ್ನೂ ಪೈರು ನಿಂತಿರುವ ಕಾಲ. ದೊಡ್ಡವರೆಲ್ಲ ಊರಲ್ಲಿ. ಚಿಕ್ಕ ಮಕ್ಕಳೆಲ್ಲ ಶಾಲೆಯಲ್ಲಿ. ಗುಳೆ ಶುರುವಾಗುವುದು ಆಮೇಲೆ. ಮೇಸ್ತ್ರಿ ಊರಿಗೆ ಬರುವುದು, ಮುಂಗಡ ಕೊಡುವುದು ದಸರೆ ದೀಪಾವಳಿಯ ಸುತ್ತ. ಹಬ್ಬ ಮುಗಿಸಿ ಮನೆಗೆ ಬೀಗ ಹಾಕಿ ಬೆಂಗಳೂರಿಗೆ, ಪುಣೆಗೆ, ಮುಂಬೈಗೆ, ಗೋವಾಕ್ಕೆ, ಹೈದರಾಬಾದಿಗೆ. ವಾಪಸು ಬರುವುದು ಯುಗಾದಿಗೆ, ಇಲ್ಲವೇ ಮುಂಗಾರಿಗೆ. ಊರಲ್ಲೇ ಉಳಿದ ಮನೆಗಳಲ್ಲೂ ಹತ್ತಿ ಬಿಡಿಸುವ ಕಾಲ ಬಂದರೆ ಐದು, ಆರು, ಏಳನೆಯ ತರಗತಿಯ ಹೆಣ್ಣುಮಕ್ಕಳು ಬೆಳಗಿನ ಟಂಟಂ ಹತ್ತಿ ಹೊಲಕ್ಕೆ ಹೋಗುತ್ತಾರೆ. ಸೆಪ್ಟೆಂಬರ್ 30ರಂದು ಎಣಿಸಿದ ಮಕ್ಕಳು ಡಿಸೆಂಬರ್ ಜನವರಿಯಲ್ಲಿ ತರಗತಿಯಲ್ಲಿ ಇರುವುದಿಲ್ಲ. ಏಪ್ರಿಲ್‌ನಲ್ಲಿ ಪರೀಕ್ಷೆಯ ಹೊತ್ತಿಗೆ ಕೆಲವರು ಬರುತ್ತಾರೆ; ಪಾಸಾಗಿ ಮುಂದಿನ ತರಗತಿಗೆ ಹೋಗುತ್ತಾರೆ. ದಾಖಲೆಯ ಪ್ರಕಾರ ಆ ಮಗು ಶಾಲೆ ಬಿಟ್ಟೇ ಇಲ್ಲ.

ಆ ಊರಿನ ಶಾಲೆಯ ಐದನೆಯ ತರಗತಿಯ ಹಾಜರಿ ಪುಸ್ತಕ ಒಮ್ಮೆ ನನ್ನ ಕೈಗೆ ಬಂತು. ಕಾರ್ತಿಕ ಮಾಸದ ಆಚೆಯ ಪುಟ. ಹೆಸರುಗಳ ಮುಂದೆ ಸಾಲುಸಾಲು ಗೈರು. ಆದರೆ ಪುಟದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಸಣ್ಣ ಅಕ್ಷರ: ಒಂದು ಹೆಸರಿನ ಪಕ್ಕ 'ಪುಣೆ', ಮತ್ತೊಂದರ ಪಕ್ಕ 'ಬೆಂ. ಯಲಹಂಕ', ಇನ್ನೊಂದರ ಪಕ್ಕ 'ಅಜ್ಜಿ ಊರು', ನಾಲ್ಕಾರು ಕಡೆ 'ಹತ್ತಿ'. ಶಿಕ್ಷಕರು ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡದ್ದು. ತನಿಖೆಗೆ ಬಂದವರು ಏನಾದರೂ ಅಂದಾರು ಎಂದು ಶಾಯಿಯಲ್ಲಿ ಬರೆದಿರಲಿಲ್ಲ. ಒಂದು ಜಿಲ್ಲೆಯ ಶಿಕ್ಷಣದ ಸಮಸ್ಯೆಯ ಬಗ್ಗೆ ನಾನು ನೋಡಿದ ಅತ್ಯುತ್ತಮ ಮಾಹಿತಿ ಆ ಅಂಚಿನಲ್ಲಿತ್ತು. ಅದನ್ನು ತುಂಬಲು ಯಾವ ಫಾರಂನಲ್ಲೂ ಕಾಲಂ ಇರಲಿಲ್ಲ.

ಆ ಶಿಕ್ಷಕರ ಜೊತೆ ಒಂದು ಮನೆಗೆ ಹೋಗಿದ್ದೆ. ಮರುದಿನ ಹೊರಡುವವರಿದ್ದರು, ಅಂಗಳದಲ್ಲಿ ಪಾತ್ರೆ, ಹಾಸಿಗೆ, ಜೋಳದ ಚೀಲ ಕಟ್ಟಿಟ್ಟಿದ್ದರು. ದೊಡ್ಡ ಮಗಳು ನಾಲ್ಕನೆಯ ತರಗತಿ, ಓದಿನಲ್ಲಿ ಚುರುಕು. ಅವಳನ್ನಾದರೂ ಅಜ್ಜಿಯ ಹತ್ತಿರ ಬಿಟ್ಟು ಹೋಗಿ ಎಂದರು ಶಿಕ್ಷಕರು. ತಾಯಿ ಹೇಳಿದ್ದು ಇಷ್ಟು: "ಸರ, ಮುಂಗಡ ತಗೊಂಡೀವಿ. ನಾನೂ ಇಟ್ಟಂಗಿ ಹೊತ್ರ ಸಾಲ ತೀರತೈತಿ. ಈಕಿ ಬರಲಿಲ್ಲಂದ್ರ ಸಣ್ಣ ಕೂಸಿನ್ನ ಅಲ್ಲಿ ನೋಡ್ಕೊಳ್ಳೋರು ಯಾರ್ರಿ?" ಅದಕ್ಕೆ ಉತ್ತರ ನಮ್ಮಿಬ್ಬರ ಹತ್ತಿರವೂ ಇರಲಿಲ್ಲ.

ಅವಳ ಪ್ರಶ್ನೆಯಲ್ಲಿ ಒಂದು ಯೋಜನೆಯೇ ಅಡಗಿದೆ. ಆ ಹುಡುಗಿ ಶಾಲೆಗೆ ಬರಬೇಕಾದರೆ ಬೇಕಾದದ್ದು ಊರಲ್ಲಿ ಇನ್ನೊಂದು ಕೋಣೆ ಅಲ್ಲ; ಬೆಂಗಳೂರಿನ ಕಟ್ಟಡದ ಪಕ್ಕ ಕೂಸು ನೋಡಿಕೊಳ್ಳುವ ಒಂದು ಜಾಗ, ಇಲ್ಲವೇ ಊರಲ್ಲಿ ಆರು ತಿಂಗಳು ಊಟ ಹಾಕಿ ಮಲಗಿಸಿಕೊಳ್ಳುವ ವ್ಯವಸ್ಥೆ. ಮೊದಲನೆಯದು ರಾಯಚೂರು ಜಿಲ್ಲೆಯ ಹೊರಗೆ. ಜಿಲ್ಲಾ ಯೋಜನೆಯ ಹಣ ಜಿಲ್ಲೆಯ ಹೊರಗೆ ಖರ್ಚಾಗುವುದಿಲ್ಲ. ಬೆಂಗಳೂರಿನ ಜಿಲ್ಲಾ ಯೋಜನೆಯಲ್ಲಿ ಈ ಮಗುವಿನ ಹೆಸರಿಲ್ಲ, ಯಾಕೆಂದರೆ ಸೆಪ್ಟೆಂಬರ್ 30ರಂದು ಅವಳು ಅಲ್ಲಿರಲಿಲ್ಲ. ಬ್ಯಾಂಕು ದೇಶದ ಮೂಲಕ ನೋಡುತ್ತದೆ, ದೇಶ ರಾಜ್ಯದ ಮೂಲಕ, ರಾಜ್ಯ ಜಿಲ್ಲೆಯ ಮೂಲಕ. ಈ ಹುಡುಗಿ ಎರಡು ಜಿಲ್ಲೆಗೆ ಅರ್ಧ ಅರ್ಧ ಸೇರಿದವಳು. ಆದ್ದರಿಂದ ಯಾವುದಕ್ಕೂ ಸೇರದವಳು.

ಹಣ ನಿಂತ ಮೇಲೆ

ಮೊದಲ ಹಂತದ ಡಿಪಿಇಪಿ 2002ರಲ್ಲಿ ಮುಗಿಯಿತು. ಅಷ್ಟರಲ್ಲಿ ಯೋಜನೆ ದೇಶದ 270ಕ್ಕೂ ಹೆಚ್ಚು ಜಿಲ್ಲೆಗೆ ಹಬ್ಬಿತ್ತು. ಅದರ ಮೇಲೆ 2001ರಿಂದ ಸರ್ವ ಶಿಕ್ಷಣ ಅಭಿಯಾನ ಬಂತು, 2018ರಲ್ಲಿ ಅದು ಸಮಗ್ರ ಶಿಕ್ಷಣವಾಯಿತು. ಬಿಆರ್‌ಸಿ, ಸಿಆರ್‌ಸಿ, ಶಾಲಾ ಅನುದಾನ, ಡೈಸ್ ಎಲ್ಲವೂ ಹೆಸರು ಬದಲಿಸಿಕೊಂಡೋ ಬದಲಿಸದೆಯೋ ಮುಂದುವರಿದವು. ಡಿಪಿಇಪಿಯ ಗ್ರಾಮ ಶಿಕ್ಷಣ ಸಮಿತಿಯ ಜಾಗದಲ್ಲಿ 2001ರಲ್ಲಿ ಪೋಷಕರನ್ನೇ ಮುಂದಿಟ್ಟ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಬಂತು. ಹೊರಗಿನ ಹಣ ನಿಂತರೂ ಇವು ಬದುಕಿದವು. ಯಾಕೆಂದರೆ ಅಷ್ಟರಲ್ಲಿ ಅವಕ್ಕೆ ಸರ್ಕಾರದ ಆದೇಶ ಇತ್ತು, ಹುದ್ದೆ ಇತ್ತು, ಬಜೆಟ್ಟಿನಲ್ಲಿ ಒಂದು ಸಾಲಿತ್ತು.

ಇದನ್ನು ನಲಿ-ಕಲಿ ಎಂಬ ಕಲಿಕಾ ಪದ್ಧತಿಯ ಪಕ್ಕ ಇಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಕಾರ್ಡು ಪದ್ಧತಿ ನೋಡಿ, ಬಂದು ಕನ್ನಡದಲ್ಲಿ ತಾವೇ ಕಟ್ಟಿದ್ದು ಅದು. ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು, ಎರಡನೆಯ ತರಗತಿಗೆ ಅದು ಹರಡಿದ್ದು 2009–10ರಲ್ಲಿ. ಸಣ್ಣ ಹಣ, ಒಂದು ತಾಲ್ಲೂಕು, ಶಿಕ್ಷಕರ ಕೈಕೆಲಸ, ಹದಿನಾಲ್ಕು ವರ್ಷದ ಕಾಯುವಿಕೆ. ಬ್ಯಾಂಕಿನ ದಾರಿ ದೊಡ್ಡ ಹಣ, ಒಮ್ಮೆಗೇ ಎಷ್ಟೋ ಜಿಲ್ಲೆ, ಏಳೆಂಟು ವರ್ಷದ ಗಡುವು. ಎರಡೂ ಉಳಿದವು. ಮಕ್ಕಳ ಕಲಿಕೆಯನ್ನು ಹೆಚ್ಚು ಬದಲಿಸಿದ್ದು ಯಾವುದು ಎಂದು ಕೇಳಿದರೆ ನನ್ನ ಮತ ನಲಿ-ಕಲಿಗೆ. ಇಲಾಖೆಯನ್ನು ಹೆಚ್ಚು ಬದಲಿಸಿದ್ದು ಯಾವುದು ಎಂದರೆ ಅನುಮಾನವಿಲ್ಲದೆ ಡಿಪಿಇಪಿಗೆ.

ಇಲಾಖೆಯಲ್ಲಿ ಆದ ಬದಲಾವಣೆಯಲ್ಲೂ ಒಂದು ಭಾಗ ಈಚೆಗೆ ಕರಗಿದೆ. ಸಿಆರ್‌ಪಿ ಎಂಬ ಹುದ್ದೆ ಹುಟ್ಟಿದ್ದು ಶಿಕ್ಷಕರಿಗೆ ಪಾಠದಲ್ಲಿ ಜೊತೆಯಾಗಲು. ಇವತ್ತಿನ ಸಿಆರ್‌ಪಿಯ ದಿನದ ಹೆಚ್ಚಿನ ಹೊತ್ತು ಹೋಗುವುದು ಮಾಹಿತಿ ಸಂಗ್ರಹಕ್ಕೆ, ವಾಟ್ಸಾಪ್ ಗುಂಪಿನಲ್ಲಿ 'ತುರ್ತು' ಎಂದು ಬಂದ ನಮೂನೆಯನ್ನು ಸಂಜೆಯೊಳಗೆ ತುಂಬಿಸಿ ಕಳಿಸುವುದಕ್ಕೆ. ಮದುವೆ ಕಾರ್ಡಿನ ಒತ್ತಕ್ಷರ ಹಬ್ಬಿದ್ದ ಸಮಾಲೋಚನಾ ಸಭೆ ಎಷ್ಟೋ ಕಡೆ ಸುತ್ತೋಲೆ ಓದುವ ಸಭೆಯಾಗಿದೆ. ಇದು ನೋವಿನ ಮಾತು. ಆ ಹುದ್ದೆಯಲ್ಲಿರುವವರ ತಪ್ಪಲ್ಲ ಇದು.

ಗುಳೆಯ ಮಕ್ಕಳ ವಿಷಯದಲ್ಲಿ ಏನೂ ಆಗಲಿಲ್ಲ ಎನ್ನುವಂತಿಲ್ಲ. ಅಭಿಯಾನದ ಕಾಲದಲ್ಲಿ ಶಾಲೆಯಿಂದ ಹೊರಗುಳಿದವರಿಗೆ ಚಿಣ್ಣರ ಅಂಗಳ, ವಲಸೆ ಮಕ್ಕಳಿಗೆ ಟೆಂಟ್ ಶಾಲೆ, ಹಂಗಾಮಿ ವಸತಿನಿಲಯ ಬಂದವು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಏಳು ಜಿಲ್ಲೆಗಳಲ್ಲೇ. ಬಿಸಿಯೂಟದಿಂದ ಎಷ್ಟೋ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವ ಧೈರ್ಯ ತಂದೆತಾಯಿಗೆ ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗು ಎಲ್ಲಿಗೆ ಹೋದರೂ ಅಲ್ಲಿನ ಸರ್ಕಾರಿ ಶಾಲೆ ಟಿಸಿ ತಡವಾಯಿತೆಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದಿತು. 2013ರಲ್ಲಿ ಕರ್ನಾಟಕ ಹೈಕೋರ್ಟು ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ಇವೆಲ್ಲದರ ನಡುವೆ 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ರಾಯಚೂರಿನದ್ದು ಶೇ 59.56, ಮಹಿಳೆಯರದ್ದು ಅರ್ಧಕ್ಕಿಂತ ಕಡಿಮೆ. ಡಿಪಿಇಪಿಗೆ ಆಯ್ಕೆಯಾಗಲು ಕಾರಣವಾಗಿದ್ದ ಆ ಅಂಕಿಯೇ ಇಷ್ಟು ವರ್ಷದ ಮೇಲೂ ಜಿಲ್ಲೆಯನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿತ್ತು. 2018ರಲ್ಲಿ ಕೇಂದ್ರ ಹಿಂದುಳಿದ ಜಿಲ್ಲೆಗಳನ್ನು ಆರಿಸಿ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳ ಪಟ್ಟಿ ಮಾಡಿದಾಗ ರಾಯಚೂರು ಮತ್ತೆ ಅದರಲ್ಲಿತ್ತು, ಯಾದಗಿರಿಯ ಜೊತೆ.

ಈಗ ಮಾಡಬಹುದಾದದ್ದು

ವಿಶ್ವಬ್ಯಾಂಕು ಈಗಲೂ ಭಾರತದ ಶಾಲೆಗಳಿಗೆ ಸಾಲ ಕೊಡುತ್ತದೆ. 2020ರಲ್ಲಿ ಅದು ಒಪ್ಪಿಗೆ ಕೊಟ್ಟ ದೊಡ್ಡ ಯೋಜನೆ ಸ್ಟಾರ್ಸ್ ಆರು ರಾಜ್ಯಗಳಿಗೆ ಬಂತು, ಕರ್ನಾಟಕ ಅದರಲ್ಲಿರಲಿಲ್ಲ. 2019ರಿಂದ ಬ್ಯಾಂಕು ಮತ್ತು ಯುನೆಸ್ಕೊದ ಮಾಂಟ್ರಿಯಲ್ ಸಂಸ್ಥೆ ಸೇರಿ 'ಕಲಿಕಾ ಬಡತನ' ಎಂಬ ಅಳತೆಯನ್ನೂ ಬಳಸುತ್ತಿವೆ: ಹತ್ತು ವರ್ಷದ ಮಗು ವಯಸ್ಸಿಗೆ ತಕ್ಕ ಒಂದು ಸರಳ ಪಾಠವನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲದೇ? ಒಳ್ಳೆಯ ಪ್ರಶ್ನೆ. ದಾಖಲಾತಿ ನೋಡಿ ಸಮಾಧಾನಪಟ್ಟುಕೊಂಡಿದ್ದವರನ್ನು ಅದು ಎಚ್ಚರಿಸಿದೆ. ಆದರೆ ಪರೀಕ್ಷೆಯ ದಿನ ತರಗತಿಯಲ್ಲಿ ಇಲ್ಲದ ಮಗುವಿನ ಓದನ್ನು ಶಾಲೆಯಲ್ಲಿ ಕೂತು ಅಳೆಯಲು ಸಾಧ್ಯವಿಲ್ಲ.

ನನ್ನ ಒತ್ತಾಯ ಇರುವುದು ಹೊರಗಿನವರ ಮೇಲಲ್ಲ, ನಮ್ಮ ಮೇಲೆ. 2022–23ರಿಂದ ಯುಡೈಸ್ ಪ್ಲಸ್‌ನಲ್ಲಿ ಪ್ರತಿ ಮಗುವಿಗೂ ಅದರದೇ ಆದ ಸಂಖ್ಯೆಯ ದಾಖಲೆ ಇದೆ. ಶಾಲೆ ಬಿಟ್ಟು ಬೇರೆ ಕಡೆ ಹೋದವರನ್ನು ಡ್ರಾಪ್‌ಬಾಕ್ಸ್ ಎಂಬ ಪಟ್ಟಿಗೆ ಹಾಕಿದರೆ ಹೊಸ ಶಾಲೆ ಅಲ್ಲಿಂದ ಎತ್ತಿಕೊಳ್ಳಬಹುದು. ಆದರೆ ಗುಳೆ ಹೋಗುವ ಕುಟುಂಬ ಟಿಸಿ ಕೇಳುವುದಿಲ್ಲ; ಕೆಲವು ತಿಂಗಳಿಗೆ ಯಾರು ಕೇಳುತ್ತಾರೆ? ಹೆಡ್‌ಮಾಸ್ಟರೂ ಹೆಸರು ತೆಗೆಯುವುದಿಲ್ಲ. ತೆಗೆದರೆ ದಾಖಲಾತಿ ಇಳಿಯುತ್ತದೆ, ದಾಖಲಾತಿ ಇಳಿದರೆ ಶಿಕ್ಷಕರ ಹುದ್ದೆ ಹೆಚ್ಚುವರಿಯಾಗಿ ಬೇರೆ ಶಾಲೆಗೆ ಹೋಗುತ್ತದೆ. ಹೀಗಾಗಿ ಮಗು ಇಲ್ಲಿಯೂ ಕೂರುವುದಿಲ್ಲ, ಅಲ್ಲಿಯೂ ಸೇರುವುದಿಲ್ಲ, ದಾಖಲೆಯಲ್ಲಿ ಮಾತ್ರ ಇಲ್ಲೇ ಇರುತ್ತದೆ.

ಬೇಕಾದದ್ದು ಜನವರಿಯಲ್ಲಿ ಇನ್ನೊಂದು ಎಣಿಕೆ; ಮತ್ತು ಹೆಸರಿನ ಪಕ್ಕ 'ಎಲ್ಲಿಗೆ' ಎಂಬ ಒಂದು ಕಾಲಂ, ಈ ಸಲ ಶಾಯಿಯಲ್ಲಿ. ಹೆಸರು ತೆಗೆಯದೆ, ಹುದ್ದೆಗೆ ತೊಂದರೆ ಆಗದ ಹಾಗೆ 'ಹಂಗಾಮಿ ವಲಸೆ' ಎಂದು ಗುರುತಿಸುವ ಅವಕಾಶ. ಆ ಪಟ್ಟಿ ಬೆಂಗಳೂರಿನ ಸಂಬಂಧಪಟ್ಟ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಬೇಕು. ಅಲ್ಲಿನ ಸಿಆರ್‌ಪಿ ಕಟ್ಟಡದ ಶೆಡ್ಡುಗಳಿಗೆ ಹೋಗುವಾಗ ಯಾವ ಊರಿನ ಯಾವ ಮಗುವನ್ನು ಹುಡುಕುತ್ತಿದ್ದೇನೆ ಎಂಬುದು ಅವರ ಕೈಯಲ್ಲಿರಬೇಕು. ಪುಣೆ, ಗೋವಾದ ಮಕ್ಕಳಿಗೆ ಭಾಷೆಯ ತೊಡಕೂ ಇದೆ, ಅದು ಎರಡು ರಾಜ್ಯ ಕೂತು ಮಾತಾಡಬೇಕಾದ ಕೆಲಸ. ಅಲ್ಲಿಯವರೆಗೆ ಅವರಿಗೆ ಊರಿನ ಹಂಗಾಮಿ ವಸತಿನಿಲಯವೇ ಗತಿ. ಅದನ್ನು ತೆರೆಯಲು ದೀಪಾವಳಿ ಕಳೆದ ಮೇಲೆ ಆದೇಶ ಬಂದರೆ ಪ್ರಯೋಜನವಿಲ್ಲ. ಮೇಸ್ತ್ರಿ ಮುಂಗಡ ಕೊಡುವುದಕ್ಕೆ ಮೊದಲೇ, ಸೆಪ್ಟೆಂಬರ್‌ನಲ್ಲೇ, ಹಾಸಿಗೆ ಮತ್ತು ಅಡುಗೆಯವರು ಸಿದ್ಧವಾಗಿರಬೇಕು.

ದೊಡ್ಡ ನಮೂನೆ ಬದಲಾಗಲು ವರ್ಷಗಳು ಹಿಡಿಯಬಹುದು. ಜನವರಿಯ ಎಣಿಕೆಗೆ ಕಾಯಬೇಕಾಗಿಲ್ಲ. ರಾಯಚೂರು, ಕೊಪ್ಪಳದ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ) ಕಚೇರಿಗಳಿಂದ ಒಂದೊಂದು ಸುತ್ತೋಲೆ ಸಾಕು. ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾದ ಬಿಆರ್‌ಸಿಗಳಲ್ಲಿ ಈ ವರ್ಷವೇ ಶುರು ಮಾಡಬಹುದು, ಮತ್ತು ಆ ಪಟ್ಟಿಯನ್ನು ಬರುವ ವರ್ಷದ ಜಿಲ್ಲಾ ಯೋಜನೆಗೆ ಲಗತ್ತಿಸಿ ಹಣ ಕೇಳಬಹುದು.